ಇನ್ನೊಂದು ಸುತ್ತು ಹಾಕಿದರೆ ಸೋಲಲ್ಲ

ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ಭದ್ರಾವತಿ ನ್ಯೂ ಟೌನ್‌ನ ನಮ್ಮಂಥವರಿಗೂ ಪೈಲಟ್ ಆಗುವ ಕನಸು ಹತ್ತಿರವಾಗಿದೆ. ವಿಮಾನ ಹಾರಿಸುವುದೇ ಕಷ್ಟ ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಗೊತ್ತಾಯಿತು, ನಿಜವಾದ ಪರೀಕ್ಷೆ ಇಳಿಸುವಾಗ.

ವೇಗ ತೀರಾ ಕುಸಿದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲಾಗದು. ಇದೇ ಸ್ಟಾಲ್. ಸಣ್ಣ ವಿಮಾನ ಇಳಿಸುವಾಗ ಆ ವೇಗದ 1.3 ಪಟ್ಟು ಇಟ್ಟುಕೊಳ್ಳುವುದು ವಾಡಿಕೆ. ಸ್ಟಾಲ್ ವೇಗ 50 ನಾಟ್ ಇದ್ದರೆ 65 ನಾಟ್. ಬೀಳುವ ಭಯಕ್ಕೆ ‘ಇರಲಿ’ ಎಂದು ಇನ್ನಷ್ಟು ಸೇರಿಸಬೇಕೆನಿಸುತ್ತದೆ. ಆದರೆ ವೇಗ ಶೇ 10ರಷ್ಟು ಹೆಚ್ಚಿದರೆ ಚಲನಶಕ್ತಿ ಶೇ 21ರಷ್ಟು ಹೆಚ್ಚುತ್ತದೆ. ವಿಮಾನ ನೆಲ ಮುಟ್ಟದೆ ತೇಲುತ್ತಾ ಹೋಗುತ್ತದೆ, ರನ್‌ವೇ ಮುಗಿಯುತ್ತಾ ಬರುತ್ತದೆ.

ಲೆಕ್ಕ ತಪ್ಪಿದರೆ ಮತ್ತೆ ಮೇಲೇರಿ ಸುತ್ತು ಹಾಕಿ ಬರುವುದೇ ದಾರಿ. ಸಣ್ಣದಿರಲಿ, ದೊಡ್ಡದಿರಲಿ, ನಿಯಮ ಒಂದೇ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಸಹ ಪೈಲಟ್ ಮೂರು ಸಲ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು ಎಂದು ತನಿಖೆ ಹೇಳಿತು. 158 ಜನ ಪ್ರಾಣ ಕಳೆದುಕೊಂಡರು.

ಗಂಟೆ ಲೆಕ್ಕದಲ್ಲಿ ಶುಲ್ಕ ಕಟ್ಟುವ ವಿದ್ಯಾರ್ಥಿಗೆ ಇನ್ನೊಂದು ಸುತ್ತು ದುಬಾರಿ ಎನಿಸಬಹುದು, ಗೆಳೆಯರೆದುರು ಅವಮಾನ ಎನಿಸಬಹುದು. ಹಾಗಾಗಿಯೇ ನಾನು ಹೇಳುವುದಿಷ್ಟು: ಸುತ್ತು ಹಾಕಿ ಬಂದವರನ್ನು ಗುರುಗಳೂ ಹೆತ್ತವರೂ ಬೆನ್ನು ತಟ್ಟಬೇಕು. ಎರಡನೇ ಸಲ ನೇಮಕಾತಿ ಪರೀಕ್ಷೆಗೆ ಕೂರುತ್ತಿರುವ ನನಗೂ ಈ ಮಾತು ಧೈರ್ಯ ಕೊಟ್ಟಿದೆ. ಸ್ನೇಹಿತರೇ, ಮೊದಲ ಯತ್ನದಲ್ಲೇ ಇಳಿಯುವುದಕ್ಕಿಂತ ಸುರಕ್ಷಿತವಾಗಿ ಇಳಿಯುವುದು ದೊಡ್ಡದು.