ಸಿಂಧೂ ಕಣಿವೆಯ ಹಸಿರಂಚು

ಬೇಸಗೆ ಬಂದಿತೆಂದರೆ ಲಡಾಖಿನತ್ತ ಹೊರಡುವವರು ಈಗ ಕನ್ನಡ ನಾಡಿನಲ್ಲಿಯೂ ಅನೇಕರಿದ್ದಾರೆ. ಹಿಮಾಲಯದ ಮಹಾಭಿತ್ತಿಯು ಮುಂಗಾರಿನ ಮೇಘಗಳನ್ನು ದಕ್ಷಿಣದಲ್ಲಿಯೇ ತಡೆದುಬಿಡುವುದರಿಂದ, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ ಹಿಮಗಳೆರಡನ್ನು ಕೂಡಿಸಿದರೂ ಸುಮಾರು 100 ಮಿಲಿಮೀಟರಾದೀತು. ಆ ಬೋಳುಬೆಟ್ಟಗಳನ್ನು ವಿಮಾನದ ಕಿಟಕಿಯಿಂದ ಕಂಡವರು ಇದು ನಿರ್ಜೀವವಾದ ನೆಲವೆಂದು ಭಾವಿಸುವುದು ಸಹಜವೇ ಆದರೂ, ಆ ಭಾವನೆ ಸುಳ್ಳು ಮಾತ್ರವಲ್ಲ, ಅಪಾಯಕರವೂ ಹೌದು. ಬರಡುನೆಲದಲ್ಲಿ ಏನನ್ನು ಕಟ್ಟಿದರೇನು, ಎಲ್ಲಿ ವಾಹನವನ್ನು ಓಡಿಸಿದರೇನು ಎಂಬ ಉದಾಸೀನ ಹುಟ್ಟುವುದು ಅದರಿಂದಲೇ.

ಲೇಹಿನಿಂದ ನದಿಯ ಮೇಲ್ಗಡೆಗಿರುವ ಶೇ ಮತ್ತು ಥಿಕ್ಸೆ ಗ್ರಾಮಗಳ ಬಳಿ, ದುರ್ಬೀನನ್ನು ಹಿಡಿದು, ಸಿಂಧುವಿನ ದಡದಿಂದ ಬೆಟ್ಟದ ಬುಡದವರೆಗೆ ನಿಧಾನವಾಗಿ ನಡೆದುನೋಡಿದವನಿಗೆ ಈ ಕಣಿವೆಯ ನಿಜಸ್ವರೂಪವು ತಿಳಿದೀತು. ಮೊದಲು ಹೊಳೆಯ ನಡುವಣ ಉರುಟುಗಲ್ಲಿನ ದಿಬ್ಬ, ಅದರಾಚೆ ಜೌಗು, ಬಳಿಕ ಲಡಾಖಿಗಳು ತ್ಸೆರ್ಮಾಂಗ್ ಎಂದು ಕರೆಯುವ ಮುಳ್ಳುಪೊದೆಗಳ ಸಾಲು, ಹಿಮನದಿಯ ನೀರನ್ನುಂಡು ಬೆಳೆಯುವ ಬಾರ್ಲಿಯ ಗದ್ದೆ, ಕೊನೆಯಲ್ಲಿ ಕಲ್ಲುಗಳು ಜಾರುವ ಕಡಿದಾದ ಇಳಿಜಾರು: ಇಷ್ಟೆಲ್ಲವೂ ಅಲ್ಪದೂರದಲ್ಲಿಯೇ ಒಂದರ ಮಗ್ಗುಲಲ್ಲೊಂದು ಇವೆ, ಒಂದೊಂದಕ್ಕೂ ಅದರದೇ ಆದ ಪಕ್ಷಿಕುಲವಿದೆ.

ಉರುಟುಗಲ್ಲುಗಳ ನಡುವೆ ವಾಸಿಸುವ ಐಬಿಸ್‌ಬಿಲ್ ಎಂಬ ಹಕ್ಕಿಯನ್ನೇ ನೋಡಿರಿ. ಬೂದುಬಣ್ಣದ ಮೈ, ಕಪ್ಪು ಮುಖ, ಎದೆಗೆ ಅಡ್ಡಲಾಗಿ ಒಂದು ಕರಿಯ ಪಟ್ಟೆ, ಕೆಳಮುಖವಾಗಿ ಬಾಗಿದ ಕೆಂಪು ಕೊಕ್ಕು; ಇಂತಹ ವೇಷವುಳ್ಳ ಹಕ್ಕಿಯು ನಿಶ್ಚಲವಾಗಿ ನಿಂತಿತೆಂದರೆ ಕಲ್ಲುಗಳಲ್ಲಿ ಕಲ್ಲಾಗಿ ಕಣ್ಮರೆಯಾಗುತ್ತದೆ. ಅದು ಹೆಜ್ಜೆಯಿಟ್ಟು, ಹರಿಯುವ ನೀರಿನಲ್ಲಿ ಕೊಕ್ಕನ್ನು ಕಲ್ಲಿನಡಿಗೆ ತೂರಿಸಿ ಹುಳುಗಳನ್ನು ಎತ್ತತೊಡಗಿದಾಗಲೇ, ಆ ಬಾಗು ಯಾವ ಕೆಲಸಕ್ಕೆ ಒದಗಿಬಂದಿದೆಯೆಂಬುದು ಸ್ಪಷ್ಟವಾಗುತ್ತದೆ. ತ್ಸೆರ್ಮಾಂಗಿನ ಕಿತ್ತಳೆವರ್ಣದ ಹಣ್ಣುಗಳಾದರೋ, ಚಳಿಗಾಲದಲ್ಲಿ ಎತ್ತರದ ಶಿಖರಗಳಿಂದ ಇಳಿದುಬರುವ ಬಿಳಿರೆಕ್ಕೆಯ ಕೆಂಬಾಲದ ಹಕ್ಕಿಗೆ ಪ್ರಾಣಾಧಾರ. ಮೇಲಣ ಇಳಿಜಾರಿನಲ್ಲಿ, ನಮ್ಮ ಕಾವ್ಯಗಳ ಚಕೋರವೆಂದು ಗುರುತಿಸಲಾಗುವ ಚುಕಾರ್ ಹಕ್ಕಿಗಳು ಗುಂಪುಗೂಡಿ ಕೂಗುತ್ತವೆ.

ಇವುಗಳಲ್ಲಿ ಬಹುಪಾಲು ಹಕ್ಕಿಗಳ ಬಾಳು ನೀರಿನಂಚಿನ ಕಿರಿದಾದ ಪಟ್ಟಿಯೊಂದಕ್ಕೆ ಕಟ್ಟುಬಿದ್ದಿದೆ. ಮನೆ, ಹೊಲ, ರಸ್ತೆ, ಪ್ರವಾಸಿಗಳ ವಸತಿಗಳೆಲ್ಲಕ್ಕೂ ಬೇಕಾಗಿರುವುದು ಅದೇ ಪಟ್ಟಿ, ಆದುದರಿಂದ ಇಲ್ಲಿ ಒಂದು ಜೌಗನ್ನು ಮುಚ್ಚುವುದೆಂದರೆ, ಹಕ್ಕಿಗಳು ಪಕ್ಕದ ಜೌಗಿಗೆ ಹೋಗಲೆಂದು ಹೇಳಿದಂತಲ್ಲ, ಪಕ್ಕದಲ್ಲಿರುವುದು ಮರುಭೂಮಿ.

ನದಿಯ ಮೇಲ್ಗಡೆಯ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಈ ಸಂಕಟದ ಇನ್ನೊಂದು ಮುಖವು ಕಾಣಿಸುತ್ತದೆ. ರಷ್ಯದ ಪರ್ಯಟಕ ಪ್ರೆಝೆವಾಲ್‌ಸ್ಕಿಯು 1876ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ ಕರಿಕತ್ತಿನ ಕ್ರೌಂಚವು ಭಾರತದಲ್ಲಿ ಮರಿಮಾಡುವುದು ಮುಖ್ಯವಾಗಿ ಅಲ್ಲಿನ ಜೌಗುಗಳಲ್ಲಿ. 2021ರಲ್ಲಿ ಅದನ್ನು ಲಡಾಖಿನ ಅಧಿಕೃತ ಪಕ್ಷಿಯೆಂದು ಘೋಷಿಸಲಾಯಿತು. ಸಾಮಾನ್ಯವಾಗಿ ಎರಡೇ ಮೊಟ್ಟೆಗಳನ್ನಿಡುವ ಈ ಹಕ್ಕಿಗೆ ಬೀಡಾಡಿ ನಾಯಿಗಳು ಮೃತ್ಯುಪ್ರಾಯವಾಗಿವೆ; ಶಿಬಿರಗಳ ಮತ್ತು ವಸತಿಗಳ ಎಂಜಲನ್ನುಂಡು ಸಂಖ್ಯೆಯಲ್ಲಿ ಬೆಳೆದ ನಾಯಿಗಳು ಮೊಟ್ಟೆಯನ್ನೂ, ಹಾರಲಾರದ ಮರಿಯನ್ನೂ ತಿಂದುಹಾಕುತ್ತವೆ. ಘೋಷಣೆಯಿಂದ ಗೌರವವು ದೊರೆತೀತು; ಗೂಡಿಗೆ ರಕ್ಷಣೆ ದೊರೆಯಬೇಕಾದರೆ ಕಸದ ವಿಲೇವಾರಿ ಆಗಬೇಕು.

ಇದು ದೂರದವರ ಚಿಂತೆಯೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಲಡಾಖ್, ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳ ಕುಲವೇ ಹಿಮಾಲಯವನ್ನು ದಾಟಿ, ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ. ಆ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ದೊರೆತಾಗ ಸಂತೋಷಪಟ್ಟ ನಾವು, ಅಂತಹ ಹಕ್ಕಿಗಳ ತವರಿನ ಬಗೆಗೆ ಉದಾಸೀನರಾಗಿರುವುದು ಯುಕ್ತವಲ್ಲ.

ಪ್ರವಾಸದಿಂದ ಲಡಾಖಿಗಳಿಗೆ ಜೀವನೋಪಾಯವಿದೆ. ಅದನ್ನು ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಹೊರಗಿನವರಾದ ನಮಗಿಲ್ಲ. ಜೌಗುಗಳನ್ನು ಹುಲ್ಲುಗಾವಲುಗಳಾಗಿ ಬಳಸುತ್ತಲೇ ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಅವರೇ. ಆಡಳಿತವು ಮಾಡಬೇಕಾದುದಿಷ್ಟು: ಉಳಿದಿರುವ ಜೌಗುಗಳ ಎಲ್ಲೆಯನ್ನು ಗ್ರಾಮಸ್ಥರೊಡನೆ ಕೂಡಿ ಗುರುತಿಸಿ, ಅದರೊಳಗೆ ಕಟ್ಟಡವನ್ನೂ ವಾಹನವನ್ನೂ ನಿಷೇಧಿಸಬೇಕು. ಈ ಬೇಸಗೆಯಲ್ಲಿ ಅಲ್ಲಿಗೆ ಹೋಗುವ ಓದುಗರು ಊರಿನವರ ಮನೆಗಳಲ್ಲಿ ತಂಗಿರಿ. ಹಕ್ಕಿಗಳನ್ನು ಬಲ್ಲ ಸ್ಥಳೀಯನೊಬ್ಬನನ್ನು ಜೊತೆಗೆ ಕರೆದುಕೊಳ್ಳಿರಿ. ರಸ್ತೆಯನ್ನು ಬಿಟ್ಟು ಗಾಡಿಯನ್ನು ಇಳಿಸಬೇಡಿರಿ. ಛಾಯಾಚಿತ್ರಕ್ಕಾಗಿ ಗೂಡಿನ ಸಮೀಪಕ್ಕೆ ಹೋಗಬೇಡಿರಿ. ನಿಮ್ಮ ಕಸವನ್ನು ನೀವೇ ಹಿಂದಕ್ಕೆ ತನ್ನಿರಿ.