ಅತಿಥಿ ಉಪನ್ಯಾಸಕರೂ ಆನ್‌ಲೈನ್ ಪಾಠವೂ

ಹಿರೇಹಡಗಲಿಯಂಥ ಗ್ರಾಮಗಳಲ್ಲಿ ಅಕ್ಷರಾಭ್ಯಾಸ ಮಾಡಿದ ಮಕ್ಕಳು ಪದವಿ ವ್ಯಾಸಂಗಕ್ಕೆಂದು ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರುಗಳ ಕಾಲೇಜುಗಳನ್ನು ಸೇರುತ್ತಾರೆ. ಇಂಥ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. 2022ರ ಹೊತ್ತಿಗೆ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. ಹೆಸರಿಗೆ ಅತಿಥಿಗಳು, ಆದರೆ ಹತ್ತಾರು ವರ್ಷ ಒಂದೇ ಮನೆಯಲ್ಲಿ ದುಡಿಯುವ ಅತಿಥಿಯನ್ನು ಯಾವ ಊರಿನವರು ಕಂಡಿದ್ದಾರೆ?

ಕೊರೋನಾ ನಿಮಿತ್ತ ಮುಚ್ಚಿದ್ದ ಕಾಲೇಜುಗಳ ಪಾಠಗಳು 2020ರ ಸೆಪ್ಟೆಂಬರಿನಲ್ಲಿ ಆನ್‌ಲೈನ್ ಮೂಲಕ ಆರಂಭವಾದವು. ತರಗತಿಯ ಬಾಗಿಲು ತೆರೆದದ್ದು ನವೆಂಬರ್ 17ರಂದು. ಹಳ್ಳಿಯ ಉಪನ್ಯಾಸಕನಿಗೆ ಆಗ ಮಾಳಿಗೆಯೇ ತರಗತಿ, ಏಕೆಂದರೆ ಸಿಗ್ನಲ್ ದೊರೆಯುತ್ತಿದ್ದುದು ಅಲ್ಲಿ ಮಾತ್ರ. ಮೊಬೈಲು ಅವನದು, ಡೇಟಾದ ಖರ್ಚು ಅವನದು; ವಿದ್ಯಾರ್ಥಿಗಳ ಸಂದೇಹಗಳು ಬರುತ್ತಿದ್ದುದು ರಾತ್ರಿ ಹತ್ತರ ಮೇಲೆ. ಗೌರವಧನವೋ, ತಿಂಗಳಿಗೆ 11,000 ಅಥವಾ 13,000 ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರವು ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗಳವರೆಗೆ ಏರಿಸಿದ್ದು ಶ್ಲಾಘನೀಯ. ಆದರೆ ವಾರದ ಬೋಧನಾವಧಿಯನ್ನೂ 15 ಗಂಟೆಗೆ ಏರಿಸಿದ್ದರಿಂದ ಅನೇಕರಿಗೆ ಕೆಲಸವೇ ಇಲ್ಲವಾಯಿತು.

ತರಗತಿಗಳು ತೆರೆದ ಮೇಲೆ ಈ ಚರ್ಚೆ ಏತಕ್ಕೆಂದು ಕೆಲವರು ಕೇಳಬಹುದು. ಪದವಿಯ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ವಿಷಯಗಳನ್ನು 'ಸ್ವಯಂ' ಜಾಲತಾಣದ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲೇ ಅವಕಾಶ ಮಾಡಿಕೊಟ್ಟಿದೆ. ಪರದೆಯ ಪಾಠವು ಬಂದು ಹೋಗುವ ನೆಂಟನಲ್ಲ.

ವಿದ್ಯಾಸಾಧನವನ್ನು ಒದಗಿಸುವ ಹೊಣೆ ಸಂಸ್ಥೆಯದೆಂಬ ತಿಳಿವಳಿಕೆ ಈ ನಾಡಿಗೆ ಹೊಸದೇನಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನವು ಅಧ್ಯಾಪಕರಿಗಷ್ಟೇ ಅಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ಭೂಮಿ ಬಿಟ್ಟುದನ್ನು ಹೇಳುತ್ತದೆ. ಓಲೆಗರಿಯ ಕಟ್ಟನ್ನು ಉಪಾಧ್ಯಾಯನೇ ತನ್ನ ಜೋಳಿಗೆಯಲ್ಲಿ ತರಲೆಂದು ಆ ಕಾಲದವರು ಬಯಸಲಿಲ್ಲ.

ಪ್ರತಿ ಕಾಲೇಜಿನಲ್ಲಿಯೂ ಗದ್ದಲವಿಲ್ಲದ ಒಂದು ಕೊಠಡಿ, ಅದರಲ್ಲಿ ಕ್ಯಾಮೆರಾ, ಬ್ರಾಡ್‌ಬ್ಯಾಂಡ್, ಕರೆಂಟು ಹೋದರೆ ಆಧಾರವಾಗಿ ಯುಪಿಎಸ್ ಇರಬೇಕು. ಅವು ಅತಿಥಿಗೂ ಕಾಯಂ ಅಧ್ಯಾಪಕರಿಗೂ ಸಮಾನವಾಗಿ ದೊರೆಯಬೇಕು. ಪಾಠದ ಸಿದ್ಧತೆ, ಧ್ವನಿಮುದ್ರಣಗಳ ವೇಳೆಯೂ ದುಡಿಮೆಯ ಲೆಕ್ಕಕ್ಕೆ ಸೇರಬೇಕು. ಒಮ್ಮೆ ಮುದ್ರಿಸಿಕೊಂಡ ಪಾಠವನ್ನು ಮರುವರ್ಷ ಬಳಸಿ, ಅದನ್ನು ಹೇಳಿದವನನ್ನೇ ಕೈಬಿಡುವಂತಾಗಬಾರದು; ಅವನ ಒಪ್ಪಿಗೆ ಮತ್ತು ಸಂಭಾವನೆಯ ಮಾತು ನೇಮಕಾತಿ ಪತ್ರದಲ್ಲಿಯೇ ಬರೆದಿರಲಿ.

ದಾನಿಗಳಲ್ಲಿ ಒಂದು ವಿನಂತಿ. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಕಲ್ಲಿನಲ್ಲಿ ಹೆಸರು ಉಳಿಯುತ್ತದೆ. ಇಂಟರ್ನೆಟ್ ಶುಲ್ಕಕ್ಕೆ ಕೊಟ್ಟವರಿಗೆ ಯಾರೂ ಕಲ್ಲು ನೆಡುವುದಿಲ್ಲ. ಆದರೂ ಮುಂದಿನ ಪ್ರವೇಶಾತಿಗೆ ಮೊದಲು ತಮ್ಮ ತಾಲ್ಲೂಕಿನ ಒಂದು ಕಾಲೇಜಿನ ಒಂದು ವರ್ಷದ ಆ ವೆಚ್ಚವನ್ನು ವಹಿಸಿಕೊಳ್ಳಲು ಮುಂದೆ ಬರುವ ಮಹನೀಯರು ಹಳೆಯ ವಿದ್ಯಾರ್ಥಿಗಳಲ್ಲಿ ಖಂಡಿತ ಇದ್ದಾರೆ.