ಸೊಂಟ ಹಿಡಿದುಕೊಂಡರೆ ಮೊದಲು ಏನು ನೋಡಬೇಕು?



ಊರಿಗೆ ಹೊರಡುವ ರಾತ್ರಿ 30 ಕಿಲೋ ಸೂಟ್‌ಕೇಸ್ ಎತ್ತಿದಾಗ, ಇಲ್ಲವೇ ಶಾರ್ಜಾ ರಸ್ತೆಯ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಕೂತು ಅಲ್ ಕುಸೈಸ್‌ನ ಮನೆ ಸೇರಿದಾಗ, “ಅಯ್ಯೋ, ಸೊಂಟ ಹಿಡ್ಕೊಂಡ್ತು” ಎನ್ನುವ ಮಾತು ನಮಗೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಹತ್ತರಲ್ಲಿ ಒಂಬತ್ತು ಜನರ ನೋವಿಗೆ ಇಂಥದೇ ರೋಗ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ಮೊದಲು ಬೇಕಾದದ್ದು ಸ್ಕ್ಯಾನ್ ಅಲ್ಲ, ಸರಿಯಾದ ಪರೀಕ್ಷೆ.

ನೋವು ಎಲ್ಲಿಂದ ಬರುತ್ತದೆ?
ಸೊಂಟದ ಭಾಗದಲ್ಲಿ ಬೆನ್ನುಮೂಳೆಯ 5 ದೊಡ್ಡ ಮಣಿಗಳಿವೆ. ಅವುಗಳ ನಡುವೆ ಮೆತ್ತೆಯಂಥ ಡಿಸ್ಕ್, ಹಿಂಬದಿಯಲ್ಲಿ ಪುಟ್ಟ ಕೀಲುಗಳು, ಸುತ್ತ ಸ್ನಾಯುಗಳು. ಸ್ನಾಯು ಉಳುಕಿದರೆ ಒಂದು ಕಡೆ ಬಿಗಿತ. ಡಿಸ್ಕ್ ಉಬ್ಬಿ ನರಕ್ಕೆ ತಾಗಿದರೆ ನೋವು ಮೊಣಕಾಲು ದಾಟಿ ಪಾದದವರೆಗೂ ಇಳಿಯಬಹುದು.

ಆಸ್ಟಿಯೋಪತಿ ಪರೀಕ್ಷೆ ಹೇಗಿರುತ್ತದೆ?
ಇದು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಆರಂಭಿಸಿದ, ಕೈಯಿಂದ ಮುಟ್ಟಿ ಪರೀಕ್ಷಿಸಿ ಚಿಕಿತ್ಸೆ ಕೊಡುವ ಪದ್ಧತಿ. ದುಬೈನಲ್ಲಿ ಇದಕ್ಕೆ ಆರೋಗ್ಯ ಪ್ರಾಧಿಕಾರದ ಪರವಾನಗಿ ಬೇಕು. ಕೇಳಿ ನೋಡಲು ಸಂಕೋಚ ಬೇಡ.

ಮೊದಲು ಪ್ರಶ್ನೆಗಳು: ನೋವು ಯಾವಾಗ ಶುರುವಾಯಿತು, ಕೂತರೆ ಹೆಚ್ಚೋ ನಡೆದರೆ ಹೆಚ್ಚೋ? ಆಮೇಲೆ ನಿಲ್ಲಿಸಿ ನೋಡುತ್ತಾರೆ: ಎರಡು ಭುಜ, ಎರಡು ಸೊಂಟ ಸಮನಾಗಿವೆಯೇ? ಮುಂದೆ, ಹಿಂದೆ, ಪಕ್ಕಕ್ಕೆ ಬಾಗಿಸುತ್ತಾರೆ. ಬಳಿಕ ಬೆರಳಿನಿಂದ ಒತ್ತಿ ಬಿಗಿ ಎಲ್ಲಿದೆ, ಯಾವ ಕೀಲು ಸರಿಯಾಗಿ ಆಡುತ್ತಿಲ್ಲ ಎಂದು ಹುಡುಕುತ್ತಾರೆ. ಅಂಗಾತ ಮಲಗಿಸಿ ನೇರ ಕಾಲನ್ನು ಮೇಲೆತ್ತುತ್ತಾರೆ. ಆಗ ಕಾಲಿನುದ್ದಕ್ಕೂ ನೋವು ಹರಿದರೆ ನರದ ಮೇಲೆ ಅನುಮಾನ. ಸೊಂಟದ ಕೀಲು, ಪಾದದ ಬಲ, ಸ್ಪರ್ಶವನ್ನೂ ಬಿಡುವುದಿಲ್ಲ.

ಇವಿದ್ದರೆ ತಡ ಮಾಡಬೇಡಿ
ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಬಲ ಕುಂದುವುದು: ಇವಿದ್ದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಗೆಡಿಸುವ ನೋವು, ಬಿದ್ದು ಪೆಟ್ಟಾಗಿರುವುದು ಇದ್ದರೂ ಮೊದಲು ವೈದ್ಯರೇ ನೋಡಬೇಕು. ಇಲ್ಲಿನ ಸೆಕೆಯಲ್ಲಿ ನೀರು ಕಡಿಮೆ ಕುಡಿಯುವವರಿಗೆ ಮೂತ್ರಪಿಂಡದ ಕಲ್ಲಿನ ನೋವೂ ಬೆನ್ನಿನಲ್ಲೇ ಕಾಣಿಸಬಹುದು. ಹೇಗೆ ಮಲಗಿದರೂ ಅದು ತಗ್ಗುವುದಿಲ್ಲ. ಊರಲ್ಲಿ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ಒದೆಸಿಕೊಳ್ಳುವ ರೂಢಿಯುಂಟು. ಕಾರಣ ತಿಳಿಯದ ಬೆನ್ನಿಗೆ ಆ ಪ್ರಯೋಗ ಬೇಡ.

ಇವೇನೂ ಇಲ್ಲದಿದ್ದರೆ ದಿನವಿಡೀ ಮಲಗಬೇಡಿ. ಸಂಜೆ ಪಾಂಡ್ ಪಾರ್ಕ್‌ನಲ್ಲಿ ಮೆಲ್ಲಗೆ ನಡೆಯಿರಿ. ಹೆಚ್ಚಿನ ಉಳುಕು ಕೆಲವೇ ವಾರಗಳಲ್ಲಿ ತಗ್ಗುತ್ತದೆ.

ಮಕ್ಕಳೇ, ಇದು ನಿಮಗೆ
ಕರ್ನಾಟಕ ಸರ್ಕಾರ 2019ರಲ್ಲಿ ಶಾಲಾ ಚೀಲಕ್ಕೆ ಮಿತಿ ಹಾಕಿತು: 1–2ನೇ ತರಗತಿಗೆ 2 ಕಿಲೋ, 3–5ಕ್ಕೆ 3, 6–8ಕ್ಕೆ 4, 9–10ಕ್ಕೆ 5 ಕಿಲೋ ಮೀರಬಾರದು. ಬೆನ್ನುನೋವಿಗೆ ಚೀಲವೊಂದೇ ಕಾರಣವಲ್ಲ. ಟ್ಯಾಬ್ ಹಿಡಿದು ಸೋಫಾದಲ್ಲಿ ಮುದುಡಿ ಕೂರುವುದೂ ಸೇರುತ್ತದೆ. ನೋವಾದರೆ ಅಪ್ಪ ಅಮ್ಮನಿಗೆ ತಕ್ಷಣ ಹೇಳಿ. ಪೋಷಕರೇ, “ಆಟ ತಪ್ಪಿಸಿಕೊಳ್ಳೋಕೆ ನೆಪ” ಎನ್ನದೆ ಕೇಳಿಸಿಕೊಳ್ಳಿ. ಮಕ್ಕಳಲ್ಲಿ ಬಿಡದೆ ಕಾಡುವ ಬೆನ್ನುನೋವನ್ನು ವೈದ್ಯರಿಗೆ ತೋರಿಸಲೇಬೇಕು.

ಈ ವಾರ ಒಂದು ಮನೆಪಾಠ: ಚೀಲವನ್ನು ತಕ್ಕಡಿಗಿಟ್ಟು, ತೂಕವನ್ನು ಕನ್ನಡ ಅಂಕಿಯಲ್ಲಿ ಬರೆದು ತನ್ನಿ!